ಒಳಮಡಿಕೆ

ಹಾಡುವವರ ಸೊಂಟಕ್ಕೆ ಎರಡು ಅಳತೆ:
ಉಸಿರು ಬಿಟ್ಟಾಗ ಒಂದು, ತುಂಬಿಕೊಂಡಾಗ ಒಂದು.
ನನಗಿದನ್ನು ಕಲಿಸಿದವಳು ಲೂಸ್ವಿಮಿಂಡಾ ಅಬ್ರೆನಿಕಾ,
ಎಪ್ಪತ್ತಾರರ ಮೇ ತಿಂಗಳು, ಬ್ಲ್ಯಾಕ್‌ಪೂಲಿನ ನನ್ನ ಅಂಗಡಿಯಲ್ಲಿ,
ಸಮುದ್ರ ಟ್ರಾಮಿನ ಕಂಬಿವರೆಗೂ ಬಂದು ಉಗುಳಿ ಹೋಗುತ್ತಿದ್ದ ದಿನ.

ಅಳತೆ ಪುಸ್ತಕಕ್ಕೆ ನಾನು ಬಳಸುವುದು ಕನ್ನಡ ಅಂಕಿ.
ಗಿರಾಕಿ ಬಗ್ಗಿ ನೋಡಿದರೂ ತಿಳಿಯಬಾರದು,
ದರ್ಜಿಯ ಮರ್ಯಾದೆ ಅಷ್ಟೇ.
ಮಿಂಡಾ: ೨೪. ತುಂಬಿದರೆ ೨೬॥.
ಅರ್ಧಕ್ಕೆ ಎರಡು ಗೆರೆ, ನಮ್ಮಜ್ಜನ ಲೆಕ್ಕದ ಹಾಗೆ.

ಹೆಸರಲ್ಲಿ ಮೂರು ದ್ವೀಪಗಳಿವೆ, ಅಂದಳು.
ಲೂಸೋನ್, ವಿಸಾಯಾಸ್, ಮಿಂಡನಾವ್,
ಅಪ್ಪ ತುಂಡು ತುಂಡು ಕತ್ತರಿಸಿ ಒಂದು ಮಾಡಿ ಹೊಲಿದದ್ದು.
ಪೋಸ್ಟರಿನಲ್ಲಿ ಜಾಗ ಸಾಲದೆ
ಇಲ್ಲಿಯವರು ಎರಡನ್ನು ಮುಳುಗಿಸಿದರು.

ಒಂಬತ್ತಕ್ಕೆ ಇಲೊಇಲೊ ರೇಡಿಯೋದಲ್ಲಿ ಹಾಡಿ ಗೆದ್ದದ್ದು ಒಂದು ಡಬ್ಬಿ ಬಿಸ್ಕತ್ತು.
ಹದಿನೈದಕ್ಕೆ ಮನಿಲಾ; ಮೂರು ಸಿನಿಮಾ,
ಮೂರರಲ್ಲೂ ನಾಯಕಿಯ ಗೆಳತಿ, ಕಾಗದ ತಂದುಕೊಡುವವಳು.
ಆಮೇಲೆ ಹಾಂಗ್‌ಕಾಂಗಿನ ಹೋಟೆಲು,
ಆಮೇಲೆ ಈ ಕಟ್ಟೆ, ಈ ಗಾಳಿ, ದಿನಕ್ಕೆರಡು ಆಟ.

ಅವಳು ತಂದದ್ದು ಅನಾನಸ್ ನಾರಿನ ಬಟ್ಟೆ.
ಹಣ್ಣು ತಿಂದು ಬಿಸಾಡುವ ಜನ ನಾವು, ಬೆರಗಾದೆ.
ಅವಳ ತಾಯಿಯ ಒಂದು ಫೋಟೋ ನೋಡಿಕೊಂಡು
ಚಿಟ್ಟೆರೆಕ್ಕೆಯಂಥ ತೋಳು ನಿಲ್ಲಿಸಬೇಕಿತ್ತು;
ಕೋಟಿನ ಕಾಲರಿಗೆ ಹಾಕುವ ಕ್ಯಾನ್ವಾಸು ಹಾಕಿ ನಿಲ್ಲಿಸಿದೆ.
"ಒಳಗೆ ಬಟ್ಟೆ ಉಳಿಸು, ಊಟ ನನಗಿಷ್ಟ" ಅಂದಳು.
ಉಳಿಸಿದೆ, ಎರಡೂ ಬದಿಗೆ ಎರಡೆರಡು ಅಂಗುಲ.

ವೇದಿಕೆ ಮೇಲೆ ಅವಳನ್ನು ನಾನು ನೋಡಲಿಲ್ಲ.
ಬೇಸಿಗೆಯಲ್ಲಿ ಅವಳಿಗೂ ಬಿಡುವಿಲ್ಲ, ನನಗೂ ಇಲ್ಲ.
ಬಾಯಿ ತುಂಬ ಗುಂಡುಪಿನ್ನು ಕಚ್ಚಿ ಮಂಡಿಯೂರಿದಾಗ
ತಲೆಯ ಮೇಲೆ ಏನೋ ಗುನುಗುತ್ತಿತ್ತು, ಅಷ್ಟೇ.

ಟೀವಿಯಲ್ಲಿ ವಿಯೆಟ್ನಾಮಿನ ವಿಧವೆ,
ಜಪಾನಿನ ಮದುವಣಗಿತ್ತಿ, ಚೀನಾದ ನರ್ಸು,
ಯಾವ ದೇಶದವಳಾದರೂ ಆದಳು, ತನ್ನ ದೇಶವೊಂದು ಬಿಟ್ಟು.
ಆರು ಸಲ ಸತ್ತಳು.
ಕಲೆ ತೆಗೆಯಲು ಬಟ್ಟೆ ನನ್ನಲ್ಲಿಗೇ ಬರುತ್ತಿತ್ತು.
ರಕ್ತವೆಂದರೆ ಸಕ್ಕರೆ ಪಾಕ; ಇರುವೆ ಮುತ್ತುತ್ತಿದ್ದವು.

ಲಂಡನ್ನಿನಲ್ಲಿ ಹನ್ನೊಂದು ತಿಂಗಳು ಬದಲಿ ನಾಯಕಿ.
ಅಸಲಿ ನಾಯಕಿಗೆ ಒಂದು ಸೀನೂ ಬರಲಿಲ್ಲ.
ಒಂದೇ ಒಂದು ನೆಗಡಿ ಕೊಡು ತಾಯೇ, ಎಂದು
ಮೇರಿಯಮ್ಮನಿಗೆ ಮೇಣದಬತ್ತಿ ಹಚ್ಚಿದಳಂತೆ,
ಪಾಪ ಅನಿಸಿ ಊದಿ ಆರಿಸಿದಳಂತೆ.

೨೮. ಡ್ರಮ್ಮು ಬಾರಿಸುವ ಡೆರಿಕ್‌ನ ಜೊತೆ ಮದುವೆ.
೩೧. ಮಗಳು.
೩೨. ಡೆರಿಕ್ ಹೋದ; ಎಲ್ಲಿಗೆ ಅಂತ ನಾನು ಕೇಳಲಿಲ್ಲ.
ಪ್ರತಿ ಸಲ ಒಳಮಡಿಕೆ ಬಿಚ್ಚಿದೆ, ಇನ್ನು ಬಿಚ್ಚಲು ಏನೂ ಉಳಿಯುವವರೆಗೆ.
ಕಟ್ಟೆಯ ಆಟ ನಿಂತಿತು. ಬಿಂಗೊ ಹಾಲಿನಲ್ಲಿ ಅಂಕಿ ಕೂಗುವ ಕೆಲಸ.
ಅದೊಂದನ್ನು ನಾನು ಹೋಗಿ ಕೇಳಿದ್ದೇನೆ:
ಎಂಬತ್ತೆಂಟು ಎನ್ನುವುದರಲ್ಲೂ ಶ್ರುತಿ ಬಿಡುತ್ತಿರಲಿಲ್ಲ.

ಹೋದ ತಿಂಗಳು ಬಂದಳು. ಎಪ್ಪತ್ತೊಂದು.
ಮ್ಯಾಂಚೆಸ್ಟರಿನ ಒಬ್ಬ ಹುಡುಗಿ ಸಿನಿಮಾ ತೆಗೆಯುತ್ತಾಳಂತೆ,
ಅದರಲ್ಲಿ ಇವಳದ್ದೊಂದು ಹಾಡು, ಇವಳ ತಾಯಿಯ ಮಾತಿನಲ್ಲಿ,
ಇವಳ ಊರಿನವಳಾಗಿಯೇ.
ಅದೇ ಉಡುಪು ಬೇಕು. ಆದರೆ ಮೈ ಇಳಿದಿದೆ.

ಹೊಲಿಗೆ ಬಿಚ್ಚಿದರೆ ಒಳಗೆ ಮೊದಲ ಸಲದ ಸೂಜಿಯ ತೂತುಗಳು
ಹಾಗೇ ಇದ್ದವು, ಇರುವೆ ಸಾಲಿನ ಹಾಗೆ.
ಮೂವತ್ತರ ನನ್ನ ಕೈ ಎಷ್ಟು ನೇರ ಇತ್ತು!

ಉಸಿರು ಬಿಡು ಅಂದೆ. ೨೭.
ತುಂಬಿಕೋ ಅಂದೆ. ತುಂಬಿಕೊಂಡಳು, ಕಣ್ಣು ಮುಚ್ಚಿ, ಭುಜ ಎತ್ತಿ.
೨೮. ಅಷ್ಟೇ.
ಇನ್ನೊಂದು ಸಲ. ೨೮.

ನಲವತ್ತಮೂರು ವರ್ಷದ ಪುಸ್ತಕದಲ್ಲಿ ಮೊದಲ ಸಲ
ಸುಳ್ಳು ಬರೆದೆ: ೨೯॥.
"ಎಷ್ಟು?" ಕೇಳಿದಳು.
"ಯಾವತ್ತಿನಷ್ಟೇ. ಎರಡೂವರೆ ಹೆಚ್ಚು."

ನಕ್ಕಳು.
ಟೇಪು ಇನ್ನೂ ಅವಳ ಸೊಂಟದ ಮೇಲೇ ಇತ್ತು,
ಇಂಗ್ಲಿಷ್ ಅಂಕಿಯ ಟೇಪು.